ಇಂಗ್ಲಿಷ್ ಬೆಳ್ಳಿಯ ಚಮಚ: ಅದರ ಗುರುತೂ ಬೆಲೆಯೂ

ಊಟದ ಮೇಜಿನ ಮೇಲೆ ಇಡುವ ಚಮಚ, ಮುಳ್ಳುಚಮಚ, ಚೂರಿಗಳ ವಿಷಯವಾಗಿ ನಾವು ಮಾತನಾಡ ಹೊರಟರೆ, ಬಾಳೆಯೆಲೆಯ ಮುಂದೆ ಕುಳಿತು ಕೈಯಿಂದ ಉಣ್ಣುವ ಜನಕ್ಕೆ ಇದರ ಗೊಡವೆಯೇಕೆ ಎಂದು ಕೆಲವರು ಕೇಳಬಹುದು. ಕೇಳತಕ್ಕ ಮಾತೇ ಸರಿ. ನಮ್ಮ ಮನೆಗಳ ಬೆಳ್ಳಿ ಬೇರೆಯ ಬಗೆಯದು. ಲೋಟ, ತಟ್ಟೆ, ದೀಪದ ಕಂಬ, ಕುಂಕುಮದ ಭರಣಿ ಇವೇ ಮುಖ್ಯವಾದುವು. ಚಮಚವೆಂದರೆ ಪಂಚಪಾತ್ರೆಯೊಳಗಿನ ಉದ್ಧರಣೆಯೊಂದೇ. ಆದರೂ ಇಂಗ್ಲಿಷ್ ಮಾದರಿಯ ಬೆಳ್ಳಿಯ ಚಮಚಗಳು ನಮ್ಮ ನಾಡಿಗೆ ಬಂದು ಸೇರಿ ಬಹುಕಾಲವಾಯಿತು. ದಂಡಿನ ಬಂಗಲೆಗಳಲ್ಲಿಯೂ ಕಾಫಿ ತೋಟದ ದೊರೆಗಳ ಮನೆಗಳಲ್ಲಿಯೂ ಇದ್ದ ಪೆಟ್ಟಿಗೆಗಳು ಹರಾಜಿನಲ್ಲಿ ಒಬ್ಬರಿಂದ ಒಬ್ಬರಿಗೆ ದಾಟಿ ನಮ್ಮವರ ಬೀರುಗಳನ್ನು ಸೇರಿವೆ. ಇಂಗ್ಲೆಂಡಿನಲ್ಲಿಯೂ ಅಮೆರಿಕದಲ್ಲಿಯೂ ನೆಲಸಿರುವ ನಮ್ಮ ಮಕ್ಕಳು ಅಲ್ಲಿನ ಹಳೆಯ ಸಾಮಾನಿನ ಅಂಗಡಿಗಳಲ್ಲಿ ಕೊಂಡು ತರುವುದೂ ಉಂಟು. ಹೀಗೆ ಬಂದ ಪೆಟ್ಟಿಗೆಯನ್ನು ಎಂದಾದರೊಂದು ದಿನ ಮಾರಬೇಕಾಗಿ ಬಂದಾಗ, ಅಥವಾ ಅಣ್ಣತಮ್ಮಂದಿರು ಪಾಲು ಮಾಡಿಕೊಳ್ಳಬೇಕಾದಾಗ, ಅದರೊಳಗಿರುವುದು ಏನು ಎಂಬುದೇ ಮೊದಲ ಪ್ರಶ್ನೆಯಾಗುತ್ತದೆ. ತಿಳಿಯದಿದ್ದವರಿಗೆ ಎರಡು ಬಗೆಯ ನಷ್ಟವುಂಟು. ಬೆಳ್ಳಿಯೇ ಅಲ್ಲದುದನ್ನು ಬೆಳ್ಳಿಯ ಬೆಲೆಗೆ ಕೊಂಡು ಕೆಡುವುದು ಒಂದು. ಇನ್ನೂರು ವರ್ಷದ ಒಳ್ಳೆಯ ಕೆಲಸವನ್ನು ತೂಕಕ್ಕೆ ಹಾಕಿ ಮೂಸೆಗೆ ಕೊಡುವುದು ಇನ್ನೊಂದು. ಮೊದಲನೆಯದರಲ್ಲಿ ಹೋಗುವುದು ಹಣ ಮಾತ್ರ. ಎರಡನೆಯದರಲ್ಲಿ ಹೋದುದು ಮತ್ತೆ ಬಾರದು.

ಮೊದಲು ಹೆಸರಿನ ವಿಚಾರ. ಚೊಕ್ಕ ಬೆಳ್ಳಿ ಬಹು ಮೃದುವಾದ ಲೋಹ. ಅದರಿಂದಲೇ ಮುಳ್ಳುಚಮಚವನ್ನು ಮಾಡಿದರೆ ನಾಲ್ಕು ದಿನದಲ್ಲಿ ಮುಳ್ಳುಗಳು ಬಾಗಿಹೋಗುತ್ತವೆ. ಆದುದರಿಂದ ಅದಕ್ಕೆ ಸ್ವಲ್ಪ ತಾಮ್ರವನ್ನು ಬೆರಸುವುದು ಎಲ್ಲ ದೇಶಗಳ ರೂಢಿ. ಎಷ್ಟು ಬೆರಸಬೇಕು ಎಂಬುದರಲ್ಲಿಯೇ ದೇಶದಿಂದ ದೇಶಕ್ಕೆ ಭೇದ. ಇಂಗ್ಲೆಂಡಿನವರು ಹನ್ನೆರಡು ಔನ್ಸಿನ ಒಂದು ಟ್ರಾಯ್ ಪೌಂಡಿನಲ್ಲಿ ಹನ್ನೊಂದು ಔನ್ಸು ಎರಡು ಪೆನ್ನಿವೇಯ್ಟ್ ಬೆಳ್ಳಿ, ಉಳಿದ ಹದಿನೆಂಟು ಪೆನ್ನಿವೇಯ್ಟ್ ತಾಮ್ರ ಎಂದು ಗೊತ್ತುಮಾಡಿದರು. ಔನ್ಸಿಗೆ ಇಪ್ಪತ್ತು ಪೆನ್ನಿವೇಯ್ಟ್ ಆದಕಾರಣ ಒಟ್ಟು ೨೪೦ರಲ್ಲಿ ೨೨೨ ಪಾಲು ಬೆಳ್ಳಿ; ಎಂದರೆ ಸಾವಿರಕ್ಕೆ ೯೨೫. ಇದೇ ಸ್ಟರ್ಲಿಂಗ್. ಈ ಮಾತಿನ ಮೂಲ ಯಾವುದೆಂಬುದರಲ್ಲಿ ಪಂಡಿತರಿಗೆ ಒಮ್ಮತವಿಲ್ಲ. ಹಳೆಯ ನಾರ್ಮನ್ ನಾಣ್ಯದ ಹೆಸರಿನಿಂದ ಬಂತೆಂಬುದು ಅನೇಕರ ಅಭಿಪ್ರಾಯ. ಅದು ಹಾಗಿರಲಿ. ನೆನಪಿಡತಕ್ಕದ್ದೇನೆಂದರೆ, ಸ್ಟರ್ಲಿಂಗ್ ಎಂಬುದು ಒಂದು ಅಂಗಡಿಯ ಹೆಸರಲ್ಲ, ಒಂದು ಮಾದರಿಯ ಹೆಸರಲ್ಲ. ಅದು ಬೆರಕೆಯ ಒಂದು ಅಳತೆ.

ಆ ಅಳತೆ ಸರಿಯಾಗಿದೆಯೆಂದು ಕಣ್ಣಿನಿಂದ ನೋಡಿ ಹೇಳಲಾಗುವುದಿಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ. ಅಕ್ಕಸಾಲಿಗನು ಅಕ್ಕನ ಚಿನ್ನವನ್ನೂ ಬಿಡನೆಂಬ ಗಾದೆ ನಮ್ಮಲ್ಲಿದೆ. ಒಂದು ಕಸುಬಿನವರನ್ನೆಲ್ಲ ಹೀಗೆ ಜರೆಯುವುದು ಅನ್ಯಾಯವೆಂದೇ ನಮ್ಮ ಭಾವನೆ. ಆದರೆ ಆ ಗಾದೆಯ ಹಿಂದಿರುವ ಸಂಶಯವು ಇಂಗ್ಲೆಂಡಿನ ದೊರೆಗಳಿಗೂ ಇತ್ತು. ನಾವು ಆ ಸಂಶಯವನ್ನು ಗಾದೆಯಾಗಿ ಮಾಡಿಕೊಂಡೆವು. ಅವರು ಕಾನೂನಾಗಿ ಮಾಡಿಕೊಂಡರು. ೧೩೦೦ನೆಯ ಇಸವಿಯಲ್ಲಿ ಮೊದಲನೆಯ ಎಡ್ವರ್ಡ್ ದೊರೆಯು, ಬೆಳ್ಳಿಯ ಸಾಮಾನು ನಾಣ್ಯದ ಬೆಳ್ಳಿಗಿಂತ ಕೀಳಾಗಿರಕೂಡದು, ಕಸುಬಿನ ಹಿರಿಯರು ಪರೀಕ್ಷಿಸಿ ಚಿರತೆಯ ತಲೆಯ ಠಸ್ಸೆಯನ್ನು ಒತ್ತದೆ ಅದು ಕೈಬಿಟ್ಟು ಹೋಗಕೂಡದು ಎಂದು ವಿಧಿಸಿದನು. ೧೩೬೩ರಲ್ಲಿ ಪ್ರತಿಯೊಬ್ಬ ಕೆಲಸಗಾರನೂ ತನ್ನ ಗುರುತನ್ನು ಒತ್ತಬೇಕೆಂದಾಯಿತು. ೧೪೭೮ರಲ್ಲಿ, ಸಾಮಾನನ್ನು ಲಂಡನ್ನಿನ ಗೋಲ್ಡ್‌ಸ್ಮಿತ್ಸ್ ಹಾಲ್ ಎಂಬ ಕಸುಬಿನ ಭವನಕ್ಕೇ ತಂದು ಪರೀಕ್ಷೆ ಮಾಡಿಸಬೇಕೆಂಬ ಏರ್ಪಾಡು ಬಂದಿತು. ಹಾಲಿನಲ್ಲಿ ಒತ್ತಿದ ಮುದ್ರೆಯಾದ್ದರಿಂದ ಅದಕ್ಕೆ ಹಾಲ್‌ಮಾರ್ಕ್ ಎಂಬ ಹೆಸರು. ಅಂದಿನಿಂದಲೇ ಪರೀಕ್ಷೆಯಾದ ವರ್ಷವನ್ನು ತಿಳಿಸುವ ಅಕ್ಷರವನ್ನೂ ಒತ್ತಲಾರಂಭಿಸಿದರು. ತಪ್ಪು ಕಂಡರೆ ಯಾವ ವರ್ಷದ ಪರೀಕ್ಷಕನು ಹೊಣೆಯೆಂಬುದು ಗೊತ್ತಾಗಲೆಂದೇ ಆ ಅಕ್ಷರ. ಐನೂರು ವರ್ಷದ ಮೇಲೆ ನಮ್ಮಂಥವರು ಚಮಚದ ವಯಸ್ಸನ್ನು ಎಣಿಸಲೆಂದಲ್ಲ. ೧೫೪೪ರಲ್ಲಿ ನಡೆಯುವ ಸಿಂಹವು ಬಂದು ಸೇರಿತು.

ಈಗ ಒಂದು ಚಮಚವನ್ನು ಕೈಗೆ ತೆಗೆದುಕೊಂಡು ನೋಡೋಣ. ಹಿಂಬದಿಯನ್ನು ತಿರುಗಿಸಿ, ಒಂದು ಭೂತಗನ್ನಡಿಯನ್ನು ಹಿಡಿದು, ಹಿಡಿಯ ಉದ್ದಕ್ಕೂ ಹುಡುಕಬೇಕು. ಪುಟ್ಟ ಗುರಾಣಿಗಳಂತಿರುವ ಗುಳಿಗಳಲ್ಲಿ ನಾಲ್ಕೋ ಐದೋ ಚಿತ್ರಗಳು ಸಾಲಾಗಿ ಕಾಣುತ್ತವೆ. ಅವುಗಳಲ್ಲಿ ಮೊದಲು ಹುಡುಕತಕ್ಕದ್ದು ಸಿಂಹವನ್ನು. ಒಂದು ಮುಂಗಾಲನ್ನು ಎತ್ತಿ, ನಮ್ಮ ಎಡಗಡೆಗೆ ಮುಖಮಾಡಿ ನಡೆಯುತ್ತಿರುವ ಸಿಂಹವಿದ್ದರೆ ಅದು ಇಂಗ್ಲೆಂಡಿನಲ್ಲಿ ಪರೀಕ್ಷೆಯಾದ ಸ್ಟರ್ಲಿಂಗ್. ಎರಡನೆಯದು ಊರಿನ ಗುರುತು: ಚಿರತೆಯ ತಲೆಯಾದರೆ ಲಂಡನ್, ಲಂಗರಾದರೆ ಬರ್ಮಿಂಗ್‌ಹ್ಯಾಮ್, ಕಿರೀಟವಾದರೆ ಷೆಫೀಲ್ಡ್, ಮೂರು ಗೋಪುರದ ಕೋಟೆಯಾದರೆ ಎಡಿನ್‌ಬರೋ. ಬರ್ಮಿಂಗ್‌ಹ್ಯಾಮ್, ಷೆಫೀಲ್ಡ್ ಕಚೇರಿಗಳೆರಡೂ ೧೭೭೩ರಲ್ಲಿ ಒಟ್ಟಿಗೆ ಹುಟ್ಟಿದುವು. ಸಮುದ್ರದಿಂದ ಅಷ್ಟು ದೂರವಿರುವ ಬರ್ಮಿಂಗ್‌ಹ್ಯಾಮಿಗೆ ಲಂಗರು ಹೇಗೆ ಬಂತೆಂದರೆ, ಎರಡು ಊರಿನವರೂ ಪಾರ್ಲಿಮೆಂಟಿನ ಮುಂದೆ ತಮ್ಮ ಬೇಡಿಕೆಯನ್ನು ಇಡಲು ಹೋಗಿದ್ದಾಗ ಲಂಡನ್ನಿನ ‘ಕಿರೀಟ ಮತ್ತು ಲಂಗರು’ ಎಂಬ ಹೆಸರಿನ ಹೋಟೆಲಿನಲ್ಲಿ ಸೇರುತ್ತಿದ್ದರಂತೆ. ಆ ಹಲಗೆಯಿಂದ ಒಬ್ಬರು ಒಂದನ್ನೂ ಇನ್ನೊಬ್ಬರು ಇನ್ನೊಂದನ್ನೂ ತೆಗೆದುಕೊಂಡರೆಂದು ಐತಿಹ್ಯ. ೧೯೭೫ರಿಂದ ಈಚೆಗೆ ಷೆಫೀಲ್ಡಿನವರು ಕಿರೀಟವನ್ನು ಬಿಟ್ಟು ಗುಲಾಬಿಯನ್ನು ಒತ್ತುತ್ತಾರೆ. ಎಕ್ಸೆಟರ್, ನ್ಯೂಕಾಸಲ್, ಚೆಸ್ಟರ್, ಗ್ಲಾಸ್ಗೋ ಮುಂತಾದ ಊರುಗಳಲ್ಲಿಯೂ ಹಿಂದೆ ಕಚೇರಿಗಳಿದ್ದು ಕಾಲಕ್ರಮದಲ್ಲಿ ಮುಚ್ಚಿಹೋದುವು; ಅವುಗಳ ಮುದ್ರೆಯಿರುವ ಚಮಚಗಳನ್ನು ಹುಡುಕುವವರೇ ಬೇರೆ ಇದ್ದಾರೆ. ಡಬ್ಲಿನ್ನಿನದು ಕಿರೀಟವಿಟ್ಟ ಹಾರ್ಪ್ ವಾದ್ಯ.

ಮೂರನೆಯದು ವರ್ಷದ ಅಕ್ಷರ. ಜನ ಸೋಲುವುದು ಇಲ್ಲಿ. ಲಂಡನ್ನಿನ ಕಚೇರಿಯು ಇಪ್ಪತ್ತು ಅಕ್ಷರಗಳ ಒಂದು ಸುತ್ತನ್ನು ಮುಗಿಸಿ, ಅಕ್ಷರದ ಆಕಾರವನ್ನೂ ಗುರಾಣಿಯ ಆಕಾರವನ್ನೂ ಬದಲಾಯಿಸಿ, ಮತ್ತೆ ‘ಎ’ ಎಂಬುದರಿಂದ ಪ್ರಾರಂಭಿಸುತ್ತಿತ್ತು. ಹೀಗಾಗಿ ದೊಡ್ಡ ‘ಎ’ ಅಕ್ಷರವು ೧೭೯೬ಕ್ಕೂ, ೧೮೩೬ಕ್ಕೂ, ೧೮೭೬ಕ್ಕೂ, ೧೯೩೬ಕ್ಕೂ ಸಲ್ಲುತ್ತದೆ. ಬರ್ಮಿಂಗ್‌ಹ್ಯಾಮಿನ ಸುತ್ತು ಬೇರೆ, ಷೆಫೀಲ್ಡಿನ ಕ್ರಮ ಬೇರೆ. ಆದುದರಿಂದ ಊರಿನ ಗುರುತನ್ನು ಮೊದಲು ನಿಶ್ಚಯಿಸಿಕೊಳ್ಳದೆ ಅಕ್ಷರವನ್ನು ಓದುವುದು, ಸಂವತ್ಸರದ ಹೆಸರನ್ನು ಕೇಳಿ ಶಕವರ್ಷವನ್ನು ಊಹಿಸಿದಂತೆ. ಪ್ರಭವವೆಂದರೆ ಯಾವ ಪ್ರಭವ? ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಬರುತ್ತದಷ್ಟೆ. ಅಲ್ಲದೆ, ೧೯೭೪ರವರೆಗೂ ಲಂಡನ್ನಿನ ಅಕ್ಷರವು ಜನವರಿಯಲ್ಲಿ ಬದಲಾಗದೆ ಮೇ ತಿಂಗಳಲ್ಲಿ ಬದಲಾಗುತ್ತಿದ್ದುದರಿಂದ ಒಂದೊಂದು ಅಕ್ಷರಕ್ಕೂ ಎರಡು ಇಸವಿಗಳ ಸಂಬಂಧವುಂಟು.

ಹಾಗಾದರೆ ೧೭೯೬ರ ‘ಎ’ಯನ್ನು ೧೮೭೬ರ ‘ಎ’ಯಿಂದ ಬಿಡಿಸುವುದು ಹೇಗೆ? ಎರಡೂ ನೆಟ್ಟಗಿನ ರೋಮನ್ ಅಕ್ಷರಗಳೇ. ಇಲ್ಲಿ ಉಳಿದ ಮುದ್ರೆಗಳು ಸಾಕ್ಷಿ ಹೇಳುತ್ತವೆ. ೧೭೮೪ರಿಂದ ೧೮೯೦ರವರೆಗೆ ಬೆಳ್ಳಿಯ ಸಾಮಾನಿನ ಮೇಲೆ ತೆರಿಗೆಯಿತ್ತು. ತೆರಿಗೆ ಸಂದಿದೆಯೆಂಬುದಕ್ಕೆ ಆಳುವ ದೊರೆಯ ತಲೆಯನ್ನು ಒತ್ತುತ್ತಿದ್ದರು. ೧೭೯೬ರ ಚಮಚದ ಮೇಲೆ ಮೂರನೆಯ ಜಾರ್ಜ್ ದೊರೆಯ ತಲೆಯಿರಬೇಕು. ೧೮೭೬ರದರ ಮೇಲೆ ವಿಕ್ಟೋರಿಯಾ ರಾಣಿಯದು. ೧೯೩೬ರದಾದರೆ ತೆರಿಗೆಯೂ ಇಲ್ಲ, ತಲೆಯೂ ಇಲ್ಲ. ಇಷ್ಟೇ ಅಲ್ಲ. ೧೮೨೧ರವರೆಗೆ ಲಂಡನ್ನಿನ ಚಿರತೆಗೆ ಕಿರೀಟವಿತ್ತು, ಆಮೇಲೆ ಇಲ್ಲ. ಸಿಂಹವೂ ಅಲ್ಲಿಯವರೆಗೆ ಮುಖವನ್ನು ನಮ್ಮ ಕಡೆಗೆ ತಿರುಗಿಸಿತ್ತು, ಆಮೇಲೆ ನೇರವಾಗಿ ತನ್ನ ದಾರಿಯನ್ನು ನೋಡತೊಡಗಿತು. ಹೀಗೆ ಒಂದು ಮುದ್ರೆ ಹೇಳುವುದನ್ನು ಇನ್ನೊಂದು ಒಪ್ಪಬೇಕು. ಒಪ್ಪದಿದ್ದಲ್ಲಿ ಎಲ್ಲಿಯೋ ಮೋಸವಿದೆಯೆಂದು ತಿಳಿಯಬೇಕು.

ನಾಲ್ಕನೆಯದು ಕೆಲಸಗಾರನ ಹೆಸರಿನ ಮೊದಲಕ್ಷರಗಳು. ೧೭೬೧ರಲ್ಲಿ ಹೆಸ್ಟರ್ ಬೇಟ್‌ಮನ್ ಎಂಬ ವಿಧವೆಯೊಬ್ಬಳು ತನ್ನ ಗಂಡನ ಕುಲುಮೆಯನ್ನು ತಾನೇ ವಹಿಸಿಕೊಂಡು ‘ಎಚ್ ಬಿ’ ಎಂಬ ತನ್ನ ಗುರುತನ್ನು ಲಂಡನ್ನಿನಲ್ಲಿ ದಾಖಲು ಮಾಡಿಸಿದಳು. ಸುಮಾರು ಮೂವತ್ತು ವರ್ಷ ಆಕೆಯ ಹೆಸರಿನಲ್ಲಿ ಆ ಮನೆತನದ ಕೆಲಸ ನಡೆಯಿತು; ಆಕೆಯ ಸಾದಾ ಚಮಚಗಳಿಗೆ ಕೂಡ ಈಗ ಬೇರೆಯ ಬೆಲೆಯಿದೆ. ಪಾಲ್ ಸ್ಟಾರ್ ಎಂಬವನ ಗುರುತಿದ್ದರಂತೂ ಹೇಳುವುದೇ ಬೇಡ. ವಿಕ್ಟೋರಿಯಾ ಕಾಲದ ಚಮಚಗಳಲ್ಲಿ ಜಾರ್ಜ್ ಆಡಮ್ಸ್ ಎಂಬವನ ‘ಜಿ ಎ’ ಗುರುತು ತೂಕಕ್ಕೂ ಅಚ್ಚುಕಟ್ಟಿಗೂ ಹೆಸರಾದುದು.

ನಡುವೆ ಒಂದು ಕಾಲದಲ್ಲಿ ಸಿಂಹವೇ ಕಾಣದು. ೧೬೯೭ರ ಹೊತ್ತಿಗೆ ಜನರು ನಾಣ್ಯಗಳ ಅಂಚನ್ನು ಕತ್ತರಿಸಿಯೂ ಕರಗಿಸಿಯೂ ಪಾತ್ರೆಗಳನ್ನು ಮಾಡಿಸಿಕೊಳ್ಳುತ್ತಿದ್ದುದರಿಂದ, ಸಾಮಾನಿನ ಬೆಳ್ಳಿಯು ನಾಣ್ಯದ ಬೆಳ್ಳಿಗಿಂತ ಮೇಲಾಗಿರಬೇಕೆಂದು ಕಾನೂನು ಬಂದು, ಸಾವಿರಕ್ಕೆ ಸುಮಾರು ೯೫೮ರ ಬೆಳ್ಳಿ ಕಡ್ಡಾಯವಾಯಿತು. ಆಗ ಸಿಂಹದ ಬದಲಿಗೆ ಕುಳಿತ ಸ್ತ್ರೀಮೂರ್ತಿಯಾದ ಬ್ರಿಟಾನಿಯಾ. ೧೭೨೦ರಲ್ಲಿ ಸ್ಟರ್ಲಿಂಗ್ ಹಿಂದಿರುಗಿತು. ಬ್ರಿಟಾನಿಯಾ ಬೇಕಾದವರಿಗೆ ಮಾತ್ರ ಎಂದಾಯಿತು. ಇತ್ತೀಚಿನ ಸಾಮಾನಿನಲ್ಲಿಯಾದರೆ, ೧೯೯೯ರಿಂದ ವರ್ಷದ ಅಕ್ಷರವೂ ಸಿಂಹವೂ ಐಚ್ಛಿಕ; ೯೨೫ ಎಂಬ ಅಂಕಿ, ಕಚೇರಿಯ ಗುರುತು, ಮಾಡಿಸಿದವರ ಗುರುತು ಇವು ಮೂರು ಇದ್ದರೆ ಸಾಕು.

ಇನ್ನು ಬೆಳ್ಳಿಯಲ್ಲದ ಬೆಳ್ಳಿಯ ಕಥೆ. ಕ್ಷೇತ್ರ ವಿಶಾಲವಾದುದರಿಂದ ಇಲ್ಲಿ ಸ್ವಲ್ಪ ನಿಲ್ಲಬೇಕು. ೧೮೪೦ರಲ್ಲಿ ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್‌ಟನ್ ಮನೆತನದವರು ವಿದ್ಯುತ್ತಿನಿಂದ ಬೆಳ್ಳಿಯ ಗಿಲೀಟು ಕೊಡುವ ವಿಧಾನಕ್ಕೆ ಹಕ್ಕುಪತ್ರವನ್ನು ಪಡೆದರು. ಒಳಗಿನ ಲೋಹ ನಾವು ಜರ್ಮನ್ ಸಿಲ್ವರ್ ಎಂದು ಕರೆಯುವ ತಾಮ್ರ, ಸತು, ನಿಕಲ್‌ಗಳ ಬೆರಕೆ. ಅದರಲ್ಲಿ ಬೆಳ್ಳಿ ಎಳ್ಳಷ್ಟೂ ಇಲ್ಲ. ಇಂಥ ಚಮಚಗಳ ಮೇಲೆ ‘ಇ ಪಿ ಎನ್ ಎಸ್’ ಎಂಬ ನಾಲ್ಕು ಅಕ್ಷರಗಳಿರುತ್ತವೆ. ಆದರೆ ಅವು ಹೇಗಿರುತ್ತವೆಂಬುದನ್ನು ನೋಡಬೇಕು. ಒಂದೊಂದನ್ನೂ ಬೇರೆ ಬೇರೆ ಪುಟ್ಟ ಗುರಾಣಿಯಲ್ಲಿ, ಹಳೆಯ ಬೈಬಲ್ಲಿನ ಅಕ್ಷರದಂತೆ ಸುರುಳಿ ಸುತ್ತಿ ಕೆತ್ತಿ, ದೂರದಿಂದ ಹಾಲ್‌ಮಾರ್ಕಿನ ಸಾಲೇ ಎನ್ನಿಸುವಂತೆ ಒತ್ತಿರುತ್ತಾರೆ. ಸುಳ್ಳು ಹೇಳದೆಯೂ ಸುಳ್ಳನ್ನು ನಂಬಿಸುವ ಕಲೆ ಇದು. ಕೆಲವರು ಕಿರೀಟವನ್ನೂ ಸೇರಿಸುತ್ತಿದ್ದರು. ಷೆಫೀಲ್ಡಿನ ಗುರುತಿನೊಡನೆ ಗೊಂದಲವಾಗುವುದೆಂದು ೧೮೯೬ರಲ್ಲಿ ಅದನ್ನು ನಿಲ್ಲಿಸಲಾಯಿತು. ‘ಎ ೧’ ಎಂದರೆ ಗಿಲೀಟಿನ ದರ್ಜೆ, ಬೆಳ್ಳಿಯ ದರ್ಜೆಯಲ್ಲ. ‘ಷೆಫೀಲ್ಡ್’ ಎಂದು ಊರಿನ ಹೆಸರನ್ನು ಉದ್ದಕ್ಕೆ ಬರೆದಿದ್ದರೆ ಅದರಿಂದ ಏನೂ ಸಿದ್ಧವಾಗುವುದಿಲ್ಲ. ಬ್ರಿಟಾನಿಯಾ ಮೆಟಲ್ ಎಂಬುದು ತವರದ ಬೆರಕೆ. ಮೇಲೆ ಹೇಳಿದ ಬ್ರಿಟಾನಿಯಾ ಬೆಳ್ಳಿಗೂ ಅದಕ್ಕೂ ಹೆಸರಿನ ಹೊರತು ಸಂಬಂಧವಿಲ್ಲ. ನೆವಾಡಾ ಸಿಲ್ವರ್, ಬ್ರೆಜಿಲಿಯನ್ ಸಿಲ್ವರ್ ಇವೆಲ್ಲ ವ್ಯಾಪಾರದ ಹೆಸರುಗಳು. ಬೆಳ್ಳಿ ಇರುವುದು ಹೆಸರಿನಲ್ಲಿ ಮಾತ್ರ.

ನಮ್ಮ ಪರಿಚಯದ ಗೃಹಸ್ಥರೊಬ್ಬರು ಬೆಟ್ಟದ ಊರೊಂದರ ಹರಾಜಿನಲ್ಲಿ ತೇಗದ ಪೆಟ್ಟಿಗೆಯ ಸಮೇತ ಎಪ್ಪತ್ತೆರಡು ತುಂಡುಗಳನ್ನು ಕೊಂಡು ತಂದು ನಮಗೆ ತೋರಿಸಿದರು. ಪೆಟ್ಟಿಗೆಯೊಳಗಿನ ನೀಲಿ ಮಕಮಲ್ಲು ನಿಜಕ್ಕೂ ಚೆನ್ನಾಗಿತ್ತು. ಚಮಚಗಳನ್ನು ತಿರುಗಿಸಿದರೆ ‘೧೮೪೭ ರಾಜರ್ಸ್ ಬ್ರದರ್ಸ್’ ಎಂದಿತ್ತು. ನೂರೆಪ್ಪತ್ತು ವರ್ಷಕ್ಕೂ ಹಳೆಯ ಬೆಳ್ಳಿಯೆಂದು ಅವರಿಗೆ ಹೇಳಿದ್ದರಂತೆ. ಅದು ಅಮೆರಿಕದ ಒಂದು ಗಿಲೀಟು ಸಾಮಾನಿನ ಛಾಪು. ೧೮೪೭ ಎಂಬುದು ಆ ಹೆಸರಿನ ಭಾಗವೇ ಹೊರತು ಚಮಚ ಹುಟ್ಟಿದ ವರ್ಷವಲ್ಲ. ಅವರು ಕೊಟ್ಟ ಹಣದ ಬಹುಭಾಗವು ಆ ನಾಲ್ಕು ಅಂಕಿಗಳಿಗೇ ಸಂದಿತ್ತು.

ಅಮೆರಿಕದ ಮಾತು ಬಂದಿತಾಗಿ ಅದನ್ನೂ ಹೇಳಿಬಿಡೋಣ. ಅಲ್ಲಿ ಇಂಗ್ಲೆಂಡಿನಂತೆ ಸರ್ಕಾರದ ಪರೀಕ್ಷಾ ಕಚೇರಿಗಳ ಏರ್ಪಾಡು ಬೆಳೆಯಲಿಲ್ಲ. ತಯಾರಿಸಿದವರೇ ‘ಸ್ಟರ್ಲಿಂಗ್’ ಎಂಬ ಮಾತನ್ನು ಪೂರ್ತಿಯಾಗಿ ಒತ್ತುತ್ತಾರೆ. ಸುಳ್ಳು ಒತ್ತಿದರೆ ೧೯೦೬ರ ಕಾನೂನಿನಂತೆ ಶಿಕ್ಷೆ. ಟಿಫನಿ ಅಂಗಡಿಯವರು ೧೮೫೧ರಲ್ಲಿಯೂ ಗೋರ್‌ಹ್ಯಾಮ್ ಅವರು ೧೮೬೮ರಲ್ಲಿಯೂ ೯೨೫ರ ಅಳತೆಯನ್ನು ಹಿಡಿದರು. ಗೋರ್‌ಹ್ಯಾಮ್ ಅವರ ಗುರುತು ಸಿಂಹ, ಲಂಗರು, ‘ಜಿ’ ಅಕ್ಷರ. ಬರ್ಮಿಂಗ್‌ಹ್ಯಾಮಿನ ಮುದ್ರೆಯೆಂದು ಇದನ್ನು ಓದುವವರು ಬಹು ಮಂದಿ. ಆದರೆ ಈ ಸಿಂಹ ಬಲಗಡೆಗೆ ನಡೆಯುತ್ತದೆ, ಇಂಗ್ಲೆಂಡಿನದು ಎಡಗಡೆಗೆ. ಯೂರೋಪಿನ ಇತರ ದೇಶಗಳಲ್ಲಿ ಅಂಕಿಗಳೇ ಹೆಚ್ಚು: ಜರ್ಮನಿಯಲ್ಲಿ ೧೮೮೮ರಿಂದ ಅರ್ಧಚಂದ್ರ, ಕಿರೀಟಗಳ ಜೊತೆಗೆ ೮೦೦ ಎಂದು, ಹಳೆಯ ರಷ್ಯದಲ್ಲಿ ೮೪ ಎಂದು, ಅದು ತೊಂಬತ್ತಾರರಲ್ಲಿ ಎಂಬತ್ತನಾಲ್ಕು ಪಾಲು, ನಮ್ಮ ಲೆಕ್ಕಕ್ಕೆ ೮೭೫. ಆದರೆ ಜರ್ಮನಿಯ ಚಮಚದ ಮೇಲೆ ಬರಿಯ ೯೦ ಎಂದಿದ್ದರೆ ಹಿಗ್ಗಬಾರದು. ಗೊತ್ತಾದಷ್ಟು ಚಮಚಗಳಿಗೆ ಒಟ್ಟು ತೊಂಬತ್ತು ಗ್ರಾಂ ಬೆಳ್ಳಿಯ ಗಿಲೀಟು ಕೊಟ್ಟಿದೆಯೆಂದು ಅದರ ಅರ್ಥ.

ಮುದ್ರೆ ಸವೆದುಹೋಗಿದ್ದರೆ ಏನು ಮಾಡಬೇಕು? ಒರೆಗಲ್ಲಿನ ಪರೀಕ್ಷೆಯನ್ನು ನಮ್ಮ ಚಿನಿವಾರರು ಚೆನ್ನಾಗಿ ಬಲ್ಲರು. ಆದರೆ ಗಿಲೀಟು ದಪ್ಪವಾಗಿದ್ದರೆ ಒರೆಗಲ್ಲಿಗೆ ಹತ್ತುವುದು ಗಿಲೀಟೇ. ಸೂಜಿಗಲ್ಲಿನಿಂದ ಆಗುವ ಪ್ರಯೋಜನ ಅಲ್ಪ: ಬೆಳ್ಳಿಯನ್ನೂ ಅದು ಸೆಳೆಯದು, ಜರ್ಮನ್ ಸಿಲ್ವರನ್ನೂ ಸೆಳೆಯದು. ಮನೆಯಲ್ಲಿಯೇ ಮಾಡಬಹುದಾದ, ಸಾಮಾನಿಗೆ ಗೀರೂ ಬೀಳದ ಪರೀಕ್ಷೆಯೊಂದುಂಟು. ಅದು ಆರ್ಕಿಮಿಡೀಸನದು. ಸ್ಟರ್ಲಿಂಗ್ ಬೆಳ್ಳಿಯು ನೀರಿಗಿಂತ ಸುಮಾರು ೧೦.೩೬ರಷ್ಟು ಭಾರ, ಜರ್ಮನ್ ಸಿಲ್ವರ್ ಸುಮಾರು ೮.೭ರಷ್ಟು. ಗ್ರಾಮಿನ ಹತ್ತನೆಯ ಒಂದು ಪಾಲನ್ನು ತೋರಿಸುವ ತಕ್ಕಡಿಯ ಮೇಲೆ ನೀರು ತುಂಬಿದ ಪಾತ್ರೆಯನ್ನಿಟ್ಟು, ಅಂಕಿಯನ್ನು ಸೊನ್ನೆಗೆ ತಂದು, ಚಮಚವನ್ನು ದಾರದಲ್ಲಿ ಕಟ್ಟಿ ತಳಕ್ಕೂ ಪಕ್ಕಕ್ಕೂ ತಗುಲದಂತೆ ಪೂರ್ತಿಯಾಗಿ ಮುಳುಗಿಸಿ ಹಿಡಿಯಬೇಕು. ಆಗ ತಕ್ಕಡಿ ತೋರಿಸುವುದು ಚಮಚವು ತಳ್ಳಿದ ನೀರಿನ ತೂಕ. ಗಾಳಿಯಲ್ಲಿ ೬೨ ಗ್ರಾಂ ತೂಗುವ ಚಮಚ ಸ್ಟರ್ಲಿಂಗ್ ಆಗಿದ್ದರೆ ಸುಮಾರು ೬ ಗ್ರಾಂ ತೋರಿಸುತ್ತದೆ. ಒಳಗೆ ಜರ್ಮನ್ ಸಿಲ್ವರ್ ಇದ್ದರೆ ೭ಕ್ಕೆ ಮೀರುತ್ತದೆ. ಗಿಲೀಟು ಕಣ್ಣನ್ನು ವಂಚಿಸಬಹುದು, ನೀರನ್ನು ವಂಚಿಸಲಾರದು. ೯೨೫ಕ್ಕೂ ೯೦೦ಕ್ಕೂ ಇರುವ ಅಂತರವನ್ನು ಮಾತ್ರ ಈ ಉಪಾಯದಿಂದ ಹಿಡಿಯಲಾಗದು. ಅದಕ್ಕೆ ಕ್ಷ-ಕಿರಣದ ಯಂತ್ರವಿರುವ ಕಡೆಗೆ ಹೋಗಬೇಕು. ಈಗ ಅಂಥ ಯಂತ್ರಗಳು ಹಾಲ್‌ಮಾರ್ಕ್ ಕೇಂದ್ರಗಳಲ್ಲಿ ಇವೆ.

೯೨೫ ಆಗದಿದ್ದರೂ ಆದರಿಸತಕ್ಕ ಒಂದು ವರ್ಗವು ನಮ್ಮ ದೇಶದಲ್ಲಿಯೇ ಹುಟ್ಟಿದೆ. ಕಲ್ಕತ್ತೆಯ ಹ್ಯಾಮಿಲ್ಟನ್ ಕಂಪೆನಿ, ಮದರಾಸಿನ ಪಿ. ಆರ್ ಅಂಡ್ ಸನ್ಸ್ ಮೊದಲಾದವರು ಇಲ್ಲಿನ ದೊರೆಗಳಿಗಾಗಿ ಇಂಗ್ಲಿಷ್ ಮಾದರಿಯ ಚಮಚಗಳನ್ನು ಮಾಡಿ ಮಾರಿದರು. ಭುಜ್ ಪಟ್ಟಣದ ಊಮರ್ಸಿ ಮಾವ್ಜಿಯ ‘ಓ ಎಂ’ ಗುರುತಿನ ಕೆತ್ತನೆಯ ಕೆಲಸ ಜಗತ್ತಿನಲ್ಲೆಲ್ಲ ಹೆಸರಾಯಿತು. ಆ ಕಾಲದಲ್ಲಿ ಇಲ್ಲಿ ಸರ್ಕಾರದ ಪರೀಕ್ಷಾ ಕಚೇರಿಯಿರಲಿಲ್ಲ. ಅಂಗಡಿಯ ಹೆಸರೇ ಹೊಣೆ. ರೂಪಾಯಿಗಳನ್ನು ಕರಗಿಸಿ ಸಾಮಾನು ಮಾಡಿಸುವ ಪದ್ಧತಿಯೂ ಬಹಳವಾಗಿತ್ತು. ೧೯೪೦ರವರೆಗೆ ಬ್ರಿಟಿಷ್ ಇಂಡಿಯದ ರೂಪಾಯಿಯು ಒಂದು ತೊಲ, ಎಂದರೆ ೧೮೦ ಗ್ರೇನು ತೂಗುತ್ತಿದ್ದು, ಅದರಲ್ಲಿ ೧೬೫ ಗ್ರೇನು ಚೊಕ್ಕ ಬೆಳ್ಳಿಯಿತ್ತು. ಸಾವಿರಕ್ಕೆ ೯೧೬ಕ್ಕೆ ಸ್ವಲ್ಪ ಮೇಲೆ. ಇಂಥ ಬೆಳ್ಳಿ ಇಂಗ್ಲೆಂಡಿನ ಕಾನೂನಿಗೆ ಸ್ಟರ್ಲಿಂಗ್ ಆಗದು. ಆದರೂ ಮದರಾಸಿನ ಹಳೆಯ ಚಮಚವೊಂದಕ್ಕೆ ಸಂಗ್ರಾಹಕರು ಕೊಡುವ ಬೆಲೆಯು ಅದೇ ತೂಕದ ಸಾಧಾರಣ ಲಂಡನ್ ಚಮಚಕ್ಕಿಂತ ಹೆಚ್ಚಾಗಿರುವುದುಂಟು. ಸಿಂಹವಿಲ್ಲವೆಂದು ಅದನ್ನು ಕರಗಿಸಿದವರ ಅಜ್ಞಾನಕ್ಕೆ ನಾವು ಮರುಗಬೇಕು. ಭಾರತೀಯ ಮಾನಕ ಸಂಸ್ಥೆಯ ಬೆಳ್ಳಿಯ ಹಾಲ್‌ಮಾರ್ಕು ೨೦೦೫ರಿಂದ ಈಚಿನದು; ೯೨೫ ಎಂಬ ದರ್ಜೆ ಅದರಲ್ಲಿಯೂ ಉಂಟು.

ಮುದ್ರೆ ನಿಜವಾಗಿದ್ದು ವಸ್ತು ಸುಳ್ಳಾಗಿರುವ ಸಂದರ್ಭಗಳೂ ಇವೆ. ಹಳೆಯ ಮುಳ್ಳುಚಮಚಗಳು ಚಮಚಗಳಿಗಿಂತ ವಿರಳ. ಏಕೆಂದರೆ ತಟ್ಟೆಗೆ ಕುಕ್ಕಿ ಕುಕ್ಕಿ ಅವು ಬೇಗ ಸವೆದುವು, ಸವೆದುವನ್ನು ಜನರು ಕರಗಿಸಿದರು. ವಿರಳವಾದುದಕ್ಕೆ ಬೆಲೆ ಹೆಚ್ಚು. ಆದುದರಿಂದ ಹದಿನೆಂಟನೆಯ ಶತಮಾನದ ಚಮಚದ ಬಟ್ಟಲನ್ನು ಬಡಿದು ಸೀಳಿ ಮುಳ್ಳುಗಳನ್ನಾಗಿ ಮಾಡುವ ಜಾಣರು ಹುಟ್ಟಿಕೊಂಡರು. ಮುಳ್ಳುಗಳು ಇರಬೇಕಾದುದಕ್ಕಿಂತ ತೆಳುವಾಗಿದ್ದು ಬುಡದಲ್ಲಿ ಗಟ್ಟಿತನವಿಲ್ಲದಿದ್ದರೆ ಸಂಶಯಪಡಬೇಕು. ಸುಮಾರು ೧೭೮೦ರವರೆಗೆ ಮುದ್ರೆಗಳನ್ನು ಹಿಡಿಯ ತೆಳುವಾದ ಭಾಗದಲ್ಲಿ, ಬಟ್ಟಲಿನ ಸಮೀಪಕ್ಕೆ ಒತ್ತುತ್ತಿದ್ದರು. ಒತ್ತಿದ ರಭಸಕ್ಕೆ ಹಿಡಿ ಚಪ್ಪಟೆಯಾಗಿ, ಮತ್ತೆ ಸುತ್ತಿಗೆಯಿಂದ ತಿದ್ದುವಾಗ ಮುದ್ರೆಗಳು ಹಿಂಡಿದಂತಾಗುತ್ತಿದ್ದುವು. ಅದರಿಂದೀಚೆಗೆ ಹಿಡಿಯ ಅಗಲವಾದ ತುದಿಯ ಕಡೆಗೆ. ಅಷ್ಟು ಹಿಂದಿನ ಚಮಚವೆಂದು ಹೇಳಿ, ಮುದ್ರೆಗಳು ತುದಿಯಲ್ಲಿ ಅಂದವಾಗಿ ಕುಳಿತಿದ್ದರೆ ಕೇಳಬೇಕಾದ ಪ್ರಶ್ನೆಗಳಿವೆ. ವಿಕ್ಟೋರಿಯಾ ಕಾಲದವರು ಹಿಂದಿನ ಸಾದಾ ಚಮಚಗಳ ಬಟ್ಟಲಿನಲ್ಲಿ ದ್ರಾಕ್ಷಿ, ಪೇರು ಮುಂತಾದ ಹಣ್ಣುಗಳನ್ನು ಉಬ್ಬಿಸಿ ಕೆತ್ತಿಸಿ ಹಣ್ಣಿನ ಚಮಚಗಳೆಂದು ಬಳಸಿದರು. ಮುದ್ರೆ ಹಳೆಯದು, ಅಲಂಕಾರ ಹೊಸದು. ಅವುಗಳನ್ನು ಮೆಚ್ಚುವವರೂ ಇದ್ದಾರೆ. ನಮಗಂತೂ ಒಳ್ಳೆಯ ಗೋಡೆಗೆ ಸುಣ್ಣದಲ್ಲಿ ಬೊಂಬೆ ಬರೆದಂತೆ ತೋರುತ್ತದೆ.

ಬೆಲೆಯನ್ನು ಕಟ್ಟುವುದು ಹೇಗೆಂಬುದು ಇನ್ನುಳಿದ ಮಾತು. ಕೆಳಗಿನ ಮೆಟ್ಟಿಲು ಕರಗಿಸಿದಾಗ ಬರುವ ಬೆಲೆ. ಹನ್ನೆರಡು ದೊಡ್ಡ ಚಮಚ, ಹನ್ನೆರಡು ಮುಳ್ಳುಚಮಚ, ಒಂದೊಂದು ೭೦ ಗ್ರಾಮಿನಂತೆ. ಹನ್ನೆರಡು ಟೀ ಚಮಚ, ೨೫ ಗ್ರಾಮಿನಂತೆ. ಒಟ್ಟು ೧೯೮೦ ಗ್ರಾಂ. ಸುಮಾರು ೧೭೦ ತೊಲ. ಇದನ್ನು ೯೨೫ರಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ ೧೮೩೧ ಗ್ರಾಮಿಗೆ ಸ್ವಲ್ಪ ಮೇಲೆ ಚೊಕ್ಕ ಬೆಳ್ಳಿ. ಹೊರದೇಶದ ದರವು ಟ್ರಾಯ್ ಔನ್ಸಿಗೆ ಹೇಳುವುದರಿಂದ ೩೧.೧ರಿಂದ ಭಾಗಿಸಿ ಸುಮಾರು ೫೯ ಔನ್ಸು ಎನ್ನಬಹುದು. ಆ ದಿನದ ದರದಿಂದ ಇದನ್ನು ಗುಣಿಸಿ, ಕೊಳ್ಳುವವನ ಲಾಭವನ್ನೂ ಕರಗಿಸುವ ಖರ್ಚನ್ನೂ ಕಳೆದರೆ ಉಳಿಯುವುದೇ ಮಾರುವವನ ಕೈಗೆ ಬರುವ ಮೊತ್ತ. ಈ ಲೆಕ್ಕವನ್ನು ಮನೆಯಲ್ಲಿಯೇ ಕಾಗದದ ಮೇಲೆ ಮಾಡಿಕೊಂಡು ಅಂಗಡಿಗೆ ಹೋಗುವವರಿಗೂ, ಅಂಗಡಿಯವನ ಬಾಯಿಂದಲೇ ಮೊದಲು ಕೇಳುವವರಿಗೂ ಸಿಕ್ಕುವ ಬೆಲೆ ಒಂದೇ ಆಗಿರುವುದಿಲ್ಲ.

ಲೆಕ್ಕದಲ್ಲಿ ಚೂರಿಗಳನ್ನು ಸೇರಿಸಲಿಲ್ಲವೆಂಬುದನ್ನು ಗಮನಿಸಿರಬಹುದು. ಚೂರಿಯ ಹಿಡಿ ಬೆಳ್ಳಿಯ ತೆಳುವಾದ ತಗಡು; ಒಳಗೆ ತುಂಬಿರುವುದು ರಾಳ; ಅಲಗು ಉಕ್ಕು. ಹಿಡಿಯ ಮೇಲೆ ಸಿಂಹವಿದ್ದರೂ ಇಡೀ ಚೂರಿಯನ್ನು ತೂಗಿ ಬೆಲೆ ಕೇಳುವುದು ಹಾಸ್ಯಾಸ್ಪದ. ತುಕ್ಕು ಹಿಡಿಯದ ಉಕ್ಕನ್ನು ಷೆಫೀಲ್ಡಿನಲ್ಲಿ ಹ್ಯಾರಿ ಬ್ರಿಯರ್ಲಿಯು ಕಂಡುಹಿಡಿದದ್ದು ೧೯೧೩ರಲ್ಲಿ. ಹಿಡಿ ಅದಕ್ಕೆ ಮೊದಲಿನದಾಗಿದ್ದು ಅಲಗು ತುಕ್ಕು ಹಿಡಿಯದುದಾದರೆ, ಅಲಗನ್ನು ಆಮೇಲೆ ಕೂಡಿಸಿದ್ದಾರೆ. ಸಂಗ್ರಾಹಕನು ಅದಕ್ಕೆ ಬೆಲೆ ತಗ್ಗಿಸುತ್ತಾನೆ, ಊಟ ಮಾಡುವವನು ಸಂತೋಷಪಡುತ್ತಾನೆ.

ಲೋಹದ ಬೆಲೆಗೆ ಮೇಲ್ಪಟ್ಟು ಸಿಕ್ಕುವುದೆಲ್ಲ ಕೆಲಸದ, ಕಾಲದ, ಕೂಟದ ಬೆಲೆ. ಒಬ್ಬನೇ ಕೆಲಸಗಾರನು ಒಂದೇ ವರ್ಷದಲ್ಲಿ ಮಾಡಿದ ಪೂರ್ಣವಾದ ಕೂಟವು ಬಿಡಿ ತುಂಡುಗಳನ್ನು ಹೊಂದಿಸಿದ ಕೂಟಕ್ಕಿಂತ ಬಹಳ ಮೇಲು; ಆದುದರಿಂದ ಪಾಲಿನ ಸಮಯದಲ್ಲಿ ಅಣ್ಣನಿಗೆ ಚಮಚಗಳನ್ನೂ ತಮ್ಮನಿಗೆ ಮುಳ್ಳುಚಮಚ�ಗಳನ್ನೂ ಹಂಚುವುದು ಇಬ್ಬರಿಗೂ ನಷ್ಟ. ಮಾದರಿಯಿಂದಲೂ ಭೇದವುಂಟು. ಹದಿನೆಂಟನೆಯ ಶತಮಾನದ ಮೊದಲರ್ಧದ ಹ್ಯಾನೋವರ್ ಮಾದರಿಯಲ್ಲಿ ಹಿಡಿಯ ತುದಿ ಮೇಲಕ್ಕೆ ಬಾಗಿರುತ್ತದೆ. ಅಂದಿನವರು ಚಮಚವನ್ನು ಬೋರಲಾಗಿ ಇಡುತ್ತಿದ್ದುದರಿಂದ ಮನೆತನದ ಲಾಂಛನವು ಹಿಂಬದಿಯಲ್ಲಿರುತ್ತದೆ. ೧೭೬೦ರ ಸುಮಾರಿಗೆ ಬಂದ ಓಲ್ಡ್ ಇಂಗ್ಲಿಷ್ ಮಾದರಿಯಲ್ಲಿ ತುದಿ ಕೆಳಕ್ಕೆ ಬಾಗಿ, ಲಾಂಛನ ಮುಂಬದಿಗೆ ಬಂತು. ಆಮೇಲಿನದು ಪಿಟೀಲಿನ ಆಕಾರದ ಫಿಡಲ್ ಮಾದರಿ. ಕಿಂಗ್ಸ್ ಮಾದರಿಯ ಶಂಖ, ಬಳ್ಳಿಗಳ ಆಡಂಬರ ನಮ್ಮ ಕಣ್ಣಿಗೆ ರುಚಿಸದು. ಆದರೆ ಅದು ತೂಕದ ಸಾಮಾನಾದ್ದರಿಂದ ತಕ್ಕಡಿಗೆ ರುಚಿಸುತ್ತದೆ.

ಸವಕಲನ್ನು ನೋಡುವುದು ಮುಖ್ಯ. ಮುಳ್ಳುಗಳು ನಾಲ್ಕೂ ಒಂದೇ ಉದ್ದವಾಗಿವೆಯೆ? ಚಮಚದ ತುದಿ ಒಂದು ಪಕ್ಕಕ್ಕೆ ತಿಂದುಹೋಗಿದೆಯೆ? ಬಲಗೈಯವರು ತಲೆಮಾರುಗಟ್ಟಲೆ ತಟ್ಟೆಯನ್ನು ಕೆರೆದುದರ ಗುರುತು ಅದು. ಹಿಡಿಯ ಮೇಲಿನ ಹಳೆಯ ಹೆಸರಿನ ಅಕ್ಷರಗಳನ್ನು ಉಜ್ಜಿ ತೆಗೆದಿದ್ದರೆ ಆ ಭಾಗ ತೆಳುವಾಗಿ, ಹೆಬ್ಬೆರಳಿನಿಂದ ಒತ್ತಿದರೆ ಕೊಂಚ ಬಳುಕುತ್ತದೆ. ಚಮಚದಷ್ಟೇ ಹಳೆಯದಾದ ಲಾಂಛನವನ್ನು ಇಂಗ್ಲೆಂಡಿನವರು ಗುಣವೆಂದೇ ಎಣಿಸುತ್ತಾರೆ. ಯಾರೋ ಅಪರಿಚಿತರ ಅಕ್ಷರ ನಮ್ಮ ಮನೆಯಲ್ಲಿ ಏಕೆಂದು ತೆಗೆಸಲು ಹೋಗುವುದು ಕೈಯಾರೆ ಬೆಲೆಯನ್ನು ಉಜ್ಜಿದಂತೆ.

ತೂಕದ ಬೆಲೆ ಕೆಲಸದ ಬೆಲೆಯನ್ನು ನುಂಗಿಬಿಡುವ ಕಾಲಗಳೂ ಬರುತ್ತವೆ. ಅಮೆರಿಕದ ಹಂಟ್ ಸೋದರರು ಬೆಳ್ಳಿಯನ್ನು ರಾಶಿ ರಾಶಿಯಾಗಿ ಕೊಂಡಿಟ್ಟ ಕಾಲದಲ್ಲಿ, ೧೯೭೯ರ ಪ್ರಾರಂಭದಲ್ಲಿ ಔನ್ಸಿಗೆ ಆರು ಡಾಲರಿನ ಸುಮಾರಿನಲ್ಲಿದ್ದ ದರವು ೧೯೮೦ರ ಜನವರಿಯಲ್ಲಿ ಐವತ್ತರ ಹತ್ತಿರಕ್ಕೆ ಏರಿತು. ಇಂಗ್ಲೆಂಡು ಅಮೆರಿಕಗಳೆರಡರಲ್ಲಿಯೂ ಜನರು ಅಜ್ಜಿಯರ ಚಮಚಗಳನ್ನು ಚೀಲಗಳಲ್ಲಿ ಹೊತ್ತು ಕರಗಿಸುವವರ ಬಾಗಿಲಲ್ಲಿ ಸಾಲು ನಿಂತರು. ಮಾರ್ಚಿ ೨೭ರ ಒಂದೇ ದಿನದಲ್ಲಿ ದರ ಕುಸಿದು ಹನ್ನೊಂದು ಡಾಲರಿಗಿಂತ ಕೆಳಗಿಳಿಯಿತು. ಅಷ್ಟರೊಳಗೆ ಎಷ್ಟೋ ಕೂಟಗಳು ಗಟ್ಟಿಗಳಾಗಿದ್ದುವು. ಕೆಲವು ಮಾದರಿಗಳ ತುಂಡುಗಳು ಇಂದು ಹುಡುಕಿದರೂ ಸಿಕ್ಕದಿರುವುದಕ್ಕೆ ಆ ಕೆಲವು ತಿಂಗಳುಗಳೂ ಕಾರಣ. ದರ ಏರಿದಾಗ ಮಾರಬಾರದೆಂದು ನಾವು ಹೇಳುವುದಿಲ್ಲ. ಮನೆಯ ಕಷ್ಟ ಮನೆಯವರಿಗೆ ಗೊತ್ತು. ಆದರೆ ಪೆಟ್ಟಿಗೆಯಲ್ಲಿ ಯಾವುದು ಬರಿಯ ಲೋಹ, ಯಾವುದು ಲೋಹಕ್ಕಿಂತ ಹೆಚ್ಚಿನದು ಎಂದು ವಿಂಗಡಿಸಿ, ಮೊದಲನೆಯದನ್ನು ಮಾತ್ರ ತಕ್ಕಡಿಗೆ ಹಾಕಬಹುದು. ಅರ್ಧ ದಿನದ ಕೆಲಸ.

ಇಟ್ಟುಕೊಳ್ಳುವವರಿಗೆ ಎರಡು ಮಾತು. ಬೆಳ್ಳಿ ಕಪ್ಪಾಗುವುದು ಗಾಳಿಯಲ್ಲಿಯೂ ಆಹಾರದಲ್ಲಿಯೂ ಇರುವ ಗಂಧಕದಿಂದ. ಮೊಟ್ಟೆಗೆ ತಾಕಿದ ಚಮಚ ಬೇಗ ಕಪ್ಪಾಗುವುದಕ್ಕೆ ಇದೇ ಕಾರಣ. ಅಲ್ಯುಮಿನಿಯಂ ಹಾಳೆ, ಸೋಡ, ಬಿಸಿನೀರುಗಳಲ್ಲಿ ಮುಳುಗಿಸಿದರೆ ಕಪ್ಪು ಕ್ಷಣದಲ್ಲಿ ಬಿಡುತ್ತದೆಂಬುದು ನಿಜ. ಆದರೆ ಕೆತ್ತನೆಯ ಸಂದುಗಳಲ್ಲಿ ಇರಬೇಕಾದ ನೆರಳೂ ಹೋಗಿ ಕೆಲಸವೆಲ್ಲ ಬಿಳಿಚಿಕೊಳ್ಳುತ್ತದೆ. ಚೂರಿಯನ್ನು ಹಾಗೆ ಮುಳುಗಿಸಿದರೆ ಹಿಡಿಯೊಳಗಿನ ರಾಳ ಸಡಿಲವಾಗುತ್ತದೆ. ಹುಣಿಸೆಹಣ್ಣು, ಬೂದಿ ಹಾಕಿ ತಿಕ್ಕುವ ನಮ್ಮ ಪದ್ಧತಿಯು ಹಿತ್ತಾಳೆಯ ಕೊಡಕ್ಕೆ ಸರಿ, ಇನ್ನೂರು ವರ್ಷದ ಮುದ್ರೆಗೆ ಸರಿಯಲ್ಲ. ಮೆತ್ತನೆಯ ಬಟ್ಟೆ, ಸಾಬೂನಿನ ನೀರು, ಆಗಾಗ್ಗೆ ಬಳಕೆ ಇಷ್ಟಿದ್ದರೆ ಸಾಕು. ಕಟ್ಟುಕಟ್ಟಾಗಿ ಇಡುವಾಗ ರಬ್ಬರಿನ ಪಟ್ಟಿಯನ್ನು ಹಾಕಬಾರದು. ರಬ್ಬರಿನಲ್ಲಿಯೂ ಗಂಧಕವಿರುವುದರಿಂದ ಪಟ್ಟಿ ಸುತ್ತಿದ ಕಡೆಯಲ್ಲೆಲ್ಲ ಕಪ್ಪು ಗೆರೆ ಬೀಳುತ್ತದೆ. ನೂಲಿನ ದಾರದಿಂದ ಕಟ್ಟಿದರೆ ಆಯಿತು.